ಮಾನಕ ಬರೆಯುವ ಕೈ, ಮಾರುವ ಕೈ: ಬಿಐಎಸ್ ಮಹಾನಿರ್ದೇಶಕರಿಗೆ ಬಹಿರಂಗ ಪತ್ರ



ಬಾಯ್ಲರ್‌ನಲ್ಲಿ ನೀರು ತೀರಾ ಇಳಿದರೆ ಉರಿ ತಾನಾಗಿ ಆರಬೇಕು. ಇಲ್ಲವಾದರೆ ಅನಾಹುತವಾಗಬಹುದು. ಉರಿ ಆರಿಸುವ ಈ ಸಾಧನದ ಮಾರುಕಟ್ಟೆ ಅಮೆರಿಕದಲ್ಲಿ ಬಹುಕಾಲ ಮೆಕ್‌ಡೊನೆಲ್ ಅಂಡ್ ಮಿಲ್ಲರ್ ಕಂಪನಿಯ ಹಿಡಿತದಲ್ಲಿತ್ತು. 1960ರ ದಶಕದಲ್ಲಿ ಹೈಡ್ರೋಲೆವೆಲ್ ಎಂಬ ಪುಟ್ಟ ಕಂಪನಿ ಹೊಸ ಬಗೆಯ ಸಾಧನ ತಂದಿತು. ನೀರು ಕುದಿದು ಹೊಯ್ದಾಡುವಾಗ ಅದರ ಮಟ್ಟ ತಪ್ಪಾಗಿ ಕಾಣಬಹುದೆಂದು, ಉರಿ ಆರಿಸುವ ಮೊದಲು ತುಸು ಕಾಯುವ ಏರ್ಪಾಡು ಅದರಲ್ಲಿತ್ತು. 1971ರಲ್ಲಿ ಮೆಕ್‌ಡೊನೆಲ್‌ನ ದೊಡ್ಡ ಗಿರಾಕಿಯೊಬ್ಬರು ಅದರತ್ತ ವಾಲಿದರು.

ಬಾಯ್ಲರ್ ಸುರಕ್ಷತೆಯ ಮಾನಕವಾದ ಸಂಹಿತೆಯನ್ನು ಬರೆಯುತ್ತಿದ್ದುದು ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ. ಅದರ ಉಪಸಮಿತಿಯ ಉಪಾಧ್ಯಕ್ಷ ಮೆಕ್‌ಡೊನೆಲ್ ಕಂಪನಿಗೂ ಉಪಾಧ್ಯಕ್ಷ. ಕಾಯುವ ಸಾಧನ ಸಂಹಿತೆಗೆ ಹೊಂದುತ್ತದೆಯೇ ಎಂದು ಕಂಪನಿ ಸಂಘವನ್ನು ಕೇಳಿತು. ಪ್ರಶ್ನೆಯ ಕರಡಿಗೆ ನೆರವಾದವರಲ್ಲಿ ಉಪಸಮಿತಿಯ ಅಧ್ಯಕ್ಷನೂ ಇದ್ದ. ಉತ್ತರ ಬರೆದವನೂ ಅವನೇ. ಸಂಘದ ಲೆಟರ್‌ಹೆಡ್‌ನಲ್ಲಿ ಬಂದ ಆ ಪ್ರತಿಕೂಲ ಉತ್ತರವನ್ನು ಕಂಪನಿಯ ಮಾರಾಟಗಾರರು ಗಿರಾಕಿಗಳಿಗೆ ತೋರಿಸುತ್ತ ಹೋದರು. ಹೈಡ್ರೋಲೆವೆಲ್ ಮುಚ್ಚಿಹೋಯಿತು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಂಘವನ್ನೇ ಹೊಣೆ ಮಾಡಿತು. ಸಂಹಿತೆಯ ಒಂದಕ್ಷರವನ್ನೂ ತಿದ್ದದೆ, ಬರೀ ಅರ್ಥ ಹೇಳಿ ಪ್ರತಿಸ್ಪರ್ಧಿಯನ್ನು ಹೊರದಬ್ಬಬಹುದು ಎಂಬುದು ಈ ಪ್ರಕರಣದ ಭಯಾನಕ ಅಂಶ.

ಇನ್ನೊಂದು ಪ್ರಕರಣದಲ್ಲಿ ಅಡ್ಡಗಾಲು ಹಾಕಿದ್ದು ಮತ. ವಿದ್ಯುತ್ ತಂತಿಗೆ ಪಿವಿಸಿ ಕೊಳವೆ ಬಳಸಲು ಅನುಮತಿಸುವ ಪ್ರಸ್ತಾವ 1980ರಲ್ಲಿ ಅಮೆರಿಕದ ಅಗ್ನಿಸುರಕ್ಷತಾ ಸಂಘದ ಸಭೆಗೆ ಬಂದಾಗ, ಉಕ್ಕಿನ ಕೊಳವೆ ಉದ್ಯಮದವರು 230 ಮಂದಿಯನ್ನು ಹೊಸದಾಗಿ ಸದಸ್ಯರನ್ನಾಗಿಸಿ ಕರೆತಂದರು. ಪ್ರಸ್ತಾವ 4 ಮತಗಳಿಂದ ಬಿದ್ದಿತು.

ಭಾರತದಲ್ಲಿ ಮಾನಕದ ಪರಿಣಾಮ ಇನ್ನೂ ಗಾಢ. 2016ರ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಕಾಯ್ದೆಯ 16ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದರೆ, ಅದು ಹೆಸರಿಸಿದ ಸರಕನ್ನು ಬ್ಯೂರೊದ ಗುರುತಿಲ್ಲದೆ ಮಾರುವಂತೆಯೇ ಇಲ್ಲ. ಆಟಿಕೆಗಳಿಗೆ ಇದು 2021ರ ಜನವರಿ 1ರಿಂದ ಜಾರಿಯಾಯಿತು. ಮಗು ಬಾಯಿಗಿಡುವ ವಸ್ತುವಿಗೆ ಪರೀಕ್ಷೆ ಬೇಕೇ ಬೇಕು. ಆದರೆ ಲಕ್ಷಗಟ್ಟಲೆ ಪ್ಲಾಸ್ಟಿಕ್ ಗೊಂಬೆ ಅಚ್ಚುಹಾಕುವ ಕಾರ್ಖಾನೆ ಹೊರಬಲ್ಲ ಪರೀಕ್ಷೆಯ ವೆಚ್ಚವನ್ನು, ಚನ್ನಪಟ್ಟಣದಲ್ಲಿ ಆಲೆ ಮರವನ್ನು ಲೇತ್‌ಗೆ ಕೊಟ್ಟು ಅರಗಿನ ಬಣ್ಣ ಹಚ್ಚುವ ಒಂದು ಮನೆ ಹೊರಲಾರದು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಸಿಕ್ಕಿದ್ದು ಸರಿಯಾದ ಹೆಜ್ಜೆ. ಆ ಎರಡೂ ಪಟ್ಟಿಯಲ್ಲಿಲ್ಲದ ಸಣ್ಣ ತಯಾರಕರ ಪಾಡು ಹಾಗೇ ಉಳಿಯಿತು.

ಪಾಲಿಯೆಸ್ಟರ್ ನಾರು, ನೂಲಿಗೆ ಇಂಥದೇ ಆದೇಶಗಳು ಬಂದಾಗ ಆಮದು ಕುಗ್ಗಿ ಕಚ್ಚಾ ಸರಕು ದುಬಾರಿಯಾಯಿತೆಂದು ಬಟ್ಟೆ ತಯಾರಕರು ದೂರಿದರು. ಅವುಗಳಲ್ಲಿ ಹಲವನ್ನು ಸರ್ಕಾರ 2025ರ ನವೆಂಬರಿನಲ್ಲಿ ಹಿಂಪಡೆಯಿತು. ಕಚ್ಚಾ ಸರಕಿಗೆ ಸುರಕ್ಷತೆಯ ಕಾರಣ ಹೇಳುವುದೇ ಕಷ್ಟ. ಆ ಪ್ರಶ್ನೆ ಆದೇಶಕ್ಕೆ ಮುಂಚೆ ಏಳಬೇಕಿತ್ತು.

ಬ್ಯೂರೊದ ಕೈಯಲ್ಲೇ ಇರುವ ಕೆಲಸಗಳಿವೆ. ತಾಂತ್ರಿಕ ಸಮಿತಿಯ ಪ್ರತಿ ಸದಸ್ಯರ ವ್ಯಾಪಾರ ಹಿತಾಸಕ್ತಿ ಕರಡಿನ ಜೊತೆಗೇ ಪ್ರಕಟವಾಗಬೇಕು. ಮಾನಕದ ಅರ್ಥ ಕೇಳಿ ಬಂದ ಪತ್ರಕ್ಕೆ, ಅದರಿಂದ ಲಾಭ ಪಡೆಯುವವರು ಉತ್ತರಿಸಕೂಡದು. ಪ್ರಶ್ನೆ, ಉತ್ತರ ಎರಡೂ ಎಲ್ಲರಿಗೂ ಸಿಗಬೇಕು. ವಸ್ತು ಯಾವುದರಿಂದ ಆಗಿದೆ ಎನ್ನುವುದಕ್ಕಿಂತ ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ಮಾನಕ ಅಳೆಯಬೇಕು. ವಿಶ್ವ ವ್ಯಾಪಾರ ಸಂಸ್ಥೆಯ ತಾಂತ್ರಿಕ ಅಡೆತಡೆಗಳ ಒಪ್ಪಂದವೂ ಸೂಕ್ತವಾದ ಕಡೆಯೆಲ್ಲ ಇದನ್ನೇ ಕೇಳುತ್ತದೆ. ಭಾರತ ಅದಕ್ಕೆ ಬದ್ಧವಾಗಿದೆ. ಮಾನಕ ಕಡ್ಡಾಯವಾಗುವ ಮೊದಲು ಸಣ್ಣ ತಯಾರಕರ ಮತ್ತು ಕೊಳ್ಳುವವರ ಅಹವಾಲು ಕೇಳಿ, ಒಪ್ಪದಿದ್ದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು.