ಕ್ಲಿಪ್ ಹಾಕುವ ಕೈಗೆ ಮೂರು ವರ್ಷದ ಓದು ಏಕೆ ಬೇಕು?

ಮಗಳಿಗೆ ಸಂಬಂಧ ಕೇಳಿ ಬರುವ ವಯಸ್ಸಾಯಿತೆಂದರೆ ನಮ್ಮ ಮನೆಗಳಲ್ಲಿ ಒಂದು ಮಾತು ಏಳುತ್ತದೆ. “ಮುಂದಿನ ಹಲ್ಲು ಸ್ವಲ್ಪ ಉಬ್ಬಿವೆ. ನಿಕಾಹ್‌ಗೆ ಮೊದಲು ಕ್ಲಿಪ್ ಹಾಕಿಸಿಬಿಡೋಣ. ಆರು ತಿಂಗಳಲ್ಲಿ ಸರಿಹೋಗುತ್ತದಲ್ಲ?” ಹೊಸರಿತ್ತಿಯಲ್ಲೂ ಈ ಮಾತಿದೆ, ಬ್ಯಾಡಗಿ, ರಾಣೆಬೆನ್ನೂರಿನಲ್ಲೂ ಇದೆ. ಏಳೆಂಟು ವರ್ಷಕ್ಕೆ ತೋರಿಸಬೇಕಿದ್ದ ಹಲ್ಲು ನೆನಪಾಗುವುದು ಮದುವೆ ಹತ್ತಿರ ಬಂದಾಗ. ಗಂಡು ಮಗನ ಹಲ್ಲಂತೂ ಯಾರಿಗೂ ನೆನಪಾಗುವುದಿಲ್ಲ. ಅಗಿಯುವುದು, ಉಚ್ಚರಿಸುವುದು, ಹಲ್ಲುಜ್ಜುವುದು ಅವನಿಗೂ ಬೇಕಲ್ಲವೇ?

ಹಲ್ಲು ಸರಿಸುವ ಈ ವಿದ್ಯೆಗೆ ಆರ್ಥೊಡಾಂಟಿಕ್ಸ್ ಎಂದು ಹೆಸರು. ಕನ್ನಡದಲ್ಲಿ ವಕ್ರದಂತ ಚಿಕಿತ್ಸೆ ಎನ್ನಬಹುದು. ತಂತಿ ಹಲ್ಲನ್ನು ಎಳೆದು ತರುತ್ತದೆ ಎಂದು ನಾವು ತಿಳಿದಿದ್ದೇವೆ. ಆದರೆ ಹಲ್ಲು ನಿಂತಿರುವುದು ಎಲುಬಿನಲ್ಲಿ. ತಂತಿ ಮೆಲ್ಲಗೆ ಒತ್ತಡ ಕೊಟ್ಟಾಗ ಒತ್ತಿದ ಕಡೆಯ ಎಲುಬು ಕರಗುತ್ತದೆ, ಬಿಟ್ಟ ಕಡೆ ಹೊಸ ಎಲುಬು ಕಟ್ಟುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಅವಸರಪಟ್ಟು ಹೆಚ್ಚು ಬಿಗಿದರೆ ಬೇಗ ಸರಿಯುವುದಿಲ್ಲ, ಹಲ್ಲಿನ ಬೇರಿಗೇ ಪೆಟ್ಟು. ಆದ್ದರಿಂದ ಸಾಮಾನ್ಯವಾಗಿ ಈ ಚಿಕಿತ್ಸೆಗೆ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ತಂತಿ ತೆಗೆದ ಮೇಲೂ ಹಲ್ಲು ಹಳೆಯ ಜಾಗಕ್ಕೆ ಮರಳದಂತೆ ರಿಟೇನರ್ ಧರಿಸಬೇಕು.

ಈಗ ಓದಿನ ವಿಷಯಕ್ಕೆ ಬನ್ನಿ. ಬಿ.ಡಿ.ಎಸ್. ಎಂದರೆ ನಾಲ್ಕು ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್. ಹುಳುಕು ತುಂಬುವುದು, ಹಲ್ಲು ಕೀಳುವುದು, ಬೇರುನಾಳ ಚಿಕಿತ್ಸೆ ಮುಂತಾದ ನಿತ್ಯದ ಕೆಲಸಕ್ಕೆ ಆ ವೈದ್ಯರು ನಮಗೆ ಬೇಕೇ ಬೇಕು. ಅದಾದ ಮೇಲೆ ನೀಟ್-ಎಂ.ಡಿ.ಎಸ್. ಪರೀಕ್ಷೆ ಬರೆದು ಸೀಟು ಪಡೆದವರು ಮೂರು ವರ್ಷ ಆರ್ಥೊಡಾಂಟಿಕ್ಸ್ ಒಂದನ್ನೇ ಓದುತ್ತಾರೆ. ಮೊದಲ ತಿಂಗಳುಗಳಲ್ಲಿ ಅವರ ಕೈಗೆ ಬರುವುದು ಬರೀ ತಂತಿ ಮತ್ತು ಇಕ್ಕಳ. ತಂತಿ ಬಾಗಿಸಿ ಬಾಗಿಸಿ ಕೈ ಪಳಗಬೇಕು. ಮೇಣದಲ್ಲಿ ಕೃತಕ ಹಲ್ಲು ಕೂರಿಸಿ, ತಂತಿ ಕಟ್ಟಿ, ಬಿಸಿನೀರಿನಲ್ಲಿಟ್ಟರೆ ಮೇಣ ಮೆದುವಾಗಿ ಹಲ್ಲು ಸರಿಯುತ್ತದೆ. ಹಾಗೆ ಸರಿಸಿ ಕಲಿಯಬೇಕು. ತಲೆಯ ಪಕ್ಕದ ಎಕ್ಸ್-ರೇ ಮೇಲೆ ಗೆರೆ ಎಳೆದು ಕೋನ ಅಳೆಯಬೇಕು. ತಪ್ಪಿರುವುದು ಹಲ್ಲೋ ದವಡೆಯೋ ಎಂಬುದು ಅದರಿಂದ ತಿಳಿಯುತ್ತದೆ. ಆಮೇಲೆ ರೋಗಿಗಳು, ಸಂಶೋಧನಾ ಪ್ರಬಂಧ, ವಿಶ್ವವಿದ್ಯಾಲಯದ ಪರೀಕ್ಷೆ.

ಮೂರು ವರ್ಷ ಏಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಒಂದು ಮಗುವಿನ ಹಲ್ಲು ಸರಿಯಾಗಲು ಎರಡು ವರ್ಷ ಬೇಕಾದರೆ, ಆರಂಭದಿಂದ ಮುಗಿಯುವವರೆಗೆ ನೋಡಿದವರಿಗಷ್ಟೇ ಆ ಕೆಲಸ ಕೈವಶವಾಗುತ್ತದೆ. ತಂತಿ ಕಟ್ಟುವುದನ್ನು ಬೇಗ ಕಲಿಯಬಹುದು. ಇವತ್ತು ಹೀಗೆ ಕಟ್ಟಿದರೆ ಮುಂದಿನ ವರ್ಷ ಏನಾಗುತ್ತದೆ ಎಂಬುದನ್ನು ವರ್ಷ ಕಳೆದೇ ಕಲಿಯಬೇಕು.

ಹಾವೇರಿ ಜಿಲ್ಲೆಯಲ್ಲಿ ದಂತ ವೈದ್ಯಕೀಯ ಕಾಲೇಜಿಲ್ಲ. ನಮಗೆ ಹತ್ತಿರದವು ಒಂದು ಕಡೆ ದಾವಣಗೆರೆಯವು, ಇನ್ನೊಂದು ಕಡೆ ಧಾರವಾಡದ ಸತ್ತೂರಿನ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜು. 1986ರಲ್ಲಿ ಆರಂಭವಾದ ಸತ್ತೂರಿನ ಕಾಲೇಜು ಈಗ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿ ಸ್ನಾತಕೋತ್ತರ ಆರ್ಥೊಡಾಂಟಿಕ್ಸ್ ವಿಭಾಗವಿದೆ. ಜೊತೆಗೆ ವೈದ್ಯಕೀಯ ಕಾಲೇಜೂ ಇದೆ. ಸೀಳುತುಟಿ, ಸೀಳು ಅಂಗುಳದ ಮಗುವಿಗೆ ಶಸ್ತ್ರವೈದ್ಯರು, ಮಾತಿನ ತರಬೇತುದಾರರು, ಹಲ್ಲು ಸರಿಸುವ ವೈದ್ಯರು ಮೂವರೂ ಕೂಡಿ ಕೆಲಸ ಮಾಡಬೇಕಾಗುತ್ತದೆ. ಇಂಥ ದೊಡ್ಡ ಆಸ್ಪತ್ರೆಗಳ ಬೆಲೆ ಆಗ ಗೊತ್ತಾಗುತ್ತದೆ.

“ಅಲ್ಲಿ ಹುಡುಗರು ನಮ್ಮ ಮಕ್ಕಳ ಮೇಲೆ ಕಲಿಯುತ್ತಾರೆ” ಎಂದು ಕೆಲವರು ಹಿಂಜರಿಯುತ್ತಾರೆ. ಆ ಭಯ ಬಿಡಿ. ಅಲ್ಲಿ ತಂತಿ ಕಟ್ಟುವವರು ಐದು ವರ್ಷ ಓದಿ ಮುಗಿಸಿದ ದಂತವೈದ್ಯರೇ, ಅವರ ಹಿಂದೆ ಪ್ರಾಧ್ಯಾಪಕರ ಕಣ್ಣಿರುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: “ನಿಮ್ಮ ಓದು ಮುಗಿಯುವುದರೊಳಗೆ ನಮ್ಮ ಮಗುವಿನ ಚಿಕಿತ್ಸೆ ಮುಗಿಯುತ್ತದೆಯೇ? ಮುಗಿಯದಿದ್ದರೆ ಮುಂದೆ ಯಾರು ನೋಡುತ್ತಾರೆ?” ಊರಿನ ಕ್ಲಿನಿಕ್ಕಿಗೆ ಹೋದರೂ ಒಂದು ಮಾತು ಕೇಳಿ: “ತಂತಿ ಕಟ್ಟುವವರು ಆರ್ಥೊಡಾಂಟಿಕ್ಸ್ ಎಂ.ಡಿ.ಎಸ್. ಮಾಡಿದವರೇ? ಪ್ರತಿ ತಿಂಗಳು ಅವರೇ ಬರುತ್ತಾರೆಯೇ?” ಹೀಗೆ ಕೇಳುವುದು ಅಗೌರವವಲ್ಲ.

ನಿಜವಾದ ಕಷ್ಟ ದಾರಿಯದು. ಹೊಸರಿತ್ತಿಯಿಂದ ಹಾವೇರಿಗೆ ಒಂದು ಬಸ್ಸು, ಹಾವೇರಿಯಿಂದ ಹುಬ್ಬಳ್ಳಿಗೆ ಇನ್ನೊಂದು, ಅಲ್ಲಿಂದ ಸತ್ತೂರಿಗೆ ಮತ್ತೊಂದು. ತಿಂಗಳಿಗೊಮ್ಮೆ ಎಂದರೂ ಎರಡು ವರ್ಷಕ್ಕೆ 24 ಸಲ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಉಳಿಯಬಹುದು, ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಿಗೆ ಆ ದಿನದ ಕೂಲಿ ಹೋಗುತ್ತದೆ. ನಾಲ್ಕೈದು ಸಲ ಹೋಗಿ ಚಿಕಿತ್ಸೆ ಅರ್ಧಕ್ಕೆ ಬಿಡುವವರಿದ್ದಾರೆ. ಹಲ್ಲಿನ ಮೇಲೆ ಕ್ಲಿಪ್ ಹಾಗೇ ಉಳಿದು, ಸಂದಿಯಲ್ಲಿ ಅನ್ನ ಸಿಕ್ಕಿ, ಬಿಳಿ ಕಲೆ ಬಿದ್ದು, ಹುಳುಕು ಹಿಡಿಯುತ್ತದೆ. ಮೊದಲಿದ್ದ ಹಲ್ಲೇ ಚೆನ್ನಾಗಿತ್ತು ಎನ್ನುವ ಸ್ಥಿತಿ ಬರುತ್ತದೆ. ಪೂರ್ತಿ ಮಾಡಿಸಲಾಗದ ಚಿಕಿತ್ಸೆಯನ್ನು ಆರಂಭಿಸದಿರುವುದೇ ಲೇಸು.

ಈ ದಾರಿ ಹತ್ತಿರವಾಗಬೇಕಾದರೆ ವೈದ್ಯರು ನಮ್ಮ ಊರುಗಳಿಂದಲೇ ಬರಬೇಕು. ಹಾಗಾಗಿ ನನ್ನ ಮಾತು ನೇರವಾಗಿ ತಂದೆತಾಯಂದಿರಿಗೆ. ನಮ್ಮಲ್ಲಿ ಈಗ ಬಿ.ಡಿ.ಎಸ್. ಓದುವ ಹೆಣ್ಣುಮಕ್ಕಳಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಇಂಟರ್ನ್‌ಶಿಪ್ ಮುಗಿಯುತ್ತಿದ್ದಂತೆ ಮದುವೆ, ಮದುವೆಯೊಂದಿಗೆ ಓದಿಗೆ ವಿರಾಮ. “ಡಾಕ್ಟರ್ ಆದಳಲ್ಲ, ಇನ್ನೇನು?” ಎನ್ನುತ್ತೇವೆ. ಮಗಳನ್ನು ಪರದಾದಲ್ಲಿ ಪುರುಷ ವೈದ್ಯರ ಬಳಿ ಕರೆದೊಯ್ಯಲು ಮುಜುಗರಪಡುವವರೂ ನಾವೇ, ವೈದ್ಯೆಯಾಗಬಲ್ಲ ಮಗಳನ್ನು ಅರ್ಧದಲ್ಲಿ ನಿಲ್ಲಿಸುವವರೂ ನಾವೇ. ಖಾಸಗಿ ಸೀಟಿನ ಶುಲ್ಕ ದೊಡ್ಡದು, ನಿಜ. ಆದರೆ ಆ ಲೆಕ್ಕ ಹಾಕುವಾಗ ಮದುವೆ ಮಂಟಪದ ಖರ್ಚನ್ನೂ ಪಕ್ಕದಲ್ಲಿ ಬರೆಯಿರಿ. ಸಂಬಂಧ ಮಾತಾಡುವಾಗಲೇ “ಮಗಳು ಎಂ.ಡಿ.ಎಸ್. ಓದುತ್ತಾಳೆ” ಎಂದು ಹೇಳಿಬಿಡಿ.

ಭಾರತದ ದಂತವೈದ್ಯಕೀಯದ ಪಿತಾಮಹ ಎನಿಸಿಕೊಂಡ ಡಾ. ರಫಿಯುದ್ದೀನ್ ಅಹ್ಮದ್ ಅಮೆರಿಕದಲ್ಲಿ ಓದಿ ಬಂದು 1920ರಲ್ಲಿ ಕಲ್ಕತ್ತದಲ್ಲಿ ದೇಶದ ಮೊದಲ ದಂತ ಕಾಲೇಜು ತೆರೆದರು. 1949ರಲ್ಲಿ ಅದನ್ನು ಸರಕಾರಕ್ಕೆ ಒಪ್ಪಿಸಿದರು. ನಮ್ಮ ರಾಜ್ಯದಲ್ಲೇ ಮಂಗಳೂರಿನ ಯೆನೆಪೋಯ, ವಿಜಯಪುರದ ಅಲ್-ಅಮೀನ್ ದಂತ ಕಾಲೇಜುಗಳನ್ನು ಸಮುದಾಯದವರೇ ಕಟ್ಟಿದ್ದಾರೆ. ಕಟ್ಟಡಗಳಿವೆ, ವಿಭಾಗಗಳಿವೆ. ಅಲ್ಲಿ ಕೂತು ತಂತಿ ಬಾಗಿಸಲು ಹಾವೇರಿ ಜಿಲ್ಲೆಯ ಕೈಗಳು ಬೇಕು.

ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ಆಗಬೇಕಾದ ಕೆಲಸ ಇಷ್ಟು. ಹಾಲುಹಲ್ಲು ಬಿದ್ದೇ ಹೋಗುತ್ತದೆಂದು ಹುಳುಕು ಬಿಡಬೇಡಿ. ಅದು ಬೇಗ ಬಿದ್ದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಬೆರಳು ಚೀಪುವ, ಬಾಯಿಂದ ಉಸಿರಾಡುವ ಮಗುವನ್ನು ಗಮನಿಸಿ. ಏಳು ವರ್ಷದ ಹೊತ್ತಿಗೆ ಒಮ್ಮೆ ತೋರಿಸಿ, ಮಗಳನ್ನೂ ಮಗನನ್ನೂ. ಕ್ಲಿಪ್ ಇದ್ದವರು ಮಿಸ್ವಾಕ್ ಜೊತೆಗೆ ತಂತಿಯ ಸುತ್ತ ಹೋಗುವ ಬ್ರಷ್ ಬಳಸಲಿ. ರಮಝಾನಿನಲ್ಲಿ ಸಹರಿ ಮುಗಿದ ಮೇಲೆ ಹಲ್ಲುಜ್ಜದೆ ಮಲಗಬೇಡಿ.

ನೋಡಲು ಬರುವವರಿಗಾಗಿ ಹಲ್ಲು ಸರಿಮಾಡಿಸುವ ಅವಸರ ನಮ್ಮಲ್ಲಿದೆ. ಹಲ್ಲು ಸರಿಮಾಡಲು ಕಲಿಯುವ ಮಗಳಿಗೆ ಮೂರು ವರ್ಷ ಕೊಡುವ ತಾಳ್ಮೆಯೂ ಬರಲಿ.