ಪ್ಯಾರಿಸ್ ಪಟ್ಟಿ, ಶ್ರೀರಂಗಪಟ್ಟಣದ ಬಸ್

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮರುದಿನ ಒಂದು ಪೀರಿಯಡ್ ಖಾಲಿ ಸಿಕ್ಕಿತ್ತು. ನಾವು ನಾಲ್ವರು ಗೆಳತಿಯರು ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪ್ಯಾರಿಸ್‌ಗೆ ಮೂರು ದಿನದ ಪ್ರವಾಸ ಹಾಕಿದೆವು. ನಗಬೇಡಿ. ದೇವನಹಳ್ಳಿಯಲ್ಲಿ ಓದುವವರಿಗೆ ಇದು ಅಂಥ ವಿಚಿತ್ರ ಆಸೆಯೇನಲ್ಲ. ತಲೆಯ ಮೇಲೆ ವಿಮಾನ ಹೋದಾಗ ಕನ್ನಡ ಮೇಡಂ ಅರ್ಧ ವಾಕ್ಯಕ್ಕೆ ನಿಲ್ಲಿಸಿ, ಅದು ಹೋದ ಮೇಲೆ ಉಳಿದರ್ಧ ಹೇಳುತ್ತಾರೆ. ಪ್ಯಾರಿಸ್‌ಗೆ ನಮ್ಮ ತಾಲ್ಲೂಕಿನಿಂದಲೇ ನೇರ ವಿಮಾನ ಇದೆ. ನಮ್ಮಲ್ಲಿ ಯಾರೂ ಅದರೊಳಗೆ ಕಾಲಿಟ್ಟಿಲ್ಲ, ಅಷ್ಟೇ.

ಕಾಮರ್ಸ್‌ನವರಾದ್ದರಿಂದ ಕನಸಿಗೂ ಎರಡು ಕಾಲಂ ಹಾಕಿದೆವು. ವೀಸಾ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ನಮಗೆ 18 ತುಂಬದ ಕಾರಣ ಅಪ್ಪ ಅಮ್ಮನ ಒಪ್ಪಿಗೆ ಪತ್ರವೂ ಬೇಕು. ಆದರೆ ಅದೇ ಕಾರಣಕ್ಕೆ ಲೂವ್ರ್ ಮ್ಯೂಸಿಯಂ, ವರ್ಸೈ ಅರಮನೆ ಎರಡಕ್ಕೂ ಪ್ರವೇಶ ಉಚಿತ! ಯಾವ ದೇಶದವರಾದರೂ ಸರಿ, 18ರೊಳಗಿದ್ದರೆ ಸಾಕು. ಮೊದಲ ಪಟ್ಟಿಯಲ್ಲಿ ಸೋಮವಾರ ವರ್ಸೈ, ಮಂಗಳವಾರ ಲೂವ್ರ್ ಎಂದು ಬರೆದಿದ್ದೆವು. ಆಮೇಲೆ ನೋಡಿದರೆ ಸೋಮವಾರ ವರ್ಸೈಗೆ ರಜೆ, ಮಂಗಳವಾರ ಲೂವ್ರ್‌ಗೆ ರಜೆ. ಎಲ್ಲ ಅಳಿಸಿ ಬುಧವಾರದಿಂದ ಶುರು ಮಾಡಿದೆವು. ಹಾಗೆ ಮಾಡಿದ್ದರಿಂದ ಶುಕ್ರವಾರ ಜುಮ್ಮಾಕ್ಕೆ 1926ರಲ್ಲಿ ತೆರೆದ ಅಲ್ಲಿನ ದೊಡ್ಡ ಮಸೀದಿ ಸರಿಯಾಗಿ ಹೊಂದಿಕೊಂಡಿತು.

ಮನೆಗೆ ಬಂದು ಅಮ್ಮಿಗೆ ಆ ಪುಟ ತೋರಿಸಿದೆ. ಖರ್ಚಿನ ಬಗ್ಗೆ ಅಮ್ಮಿ ಒಂದು ಮಾತೂ ಆಡಲಿಲ್ಲ. "ರಾತ್ರಿ ಎಲ್ಲಿ ಇರ್ತೀರಿ?" ಎಂದು ಕೇಳಿದರು.

ಈ ಪ್ರಶ್ನೆ ನನಗೆ ಹೊಸದಲ್ಲ. ಕಳೆದ ವರ್ಷ ಕಾಲೇಜು ಪ್ರವಾಸದ ಸುತ್ತೋಲೆ ಬಂದಾಗಲೂ ಇದನ್ನೇ ಕೇಳಿದ್ದರು. ಎರಡು ರಾತ್ರಿ, ಮೂರು ದಿನ, ತಲೆಗೆ 4,200 ರೂಪಾಯಿ. ಅಬ್ಬಾ ಹಣ ಹೊಂದಿಸುತ್ತಿದ್ದರೋ ಏನೋ, ರಾತ್ರಿ ಉಳಿಯುವುದಕ್ಕೆ ಮಾತ್ರ ಒಪ್ಪಲಿಲ್ಲ. ನಾನು ಕ್ಲಾಸಿನಲ್ಲಿ ಜ್ವರ ಎಂದು ಸುಳ್ಳು ಹೇಳಿದೆ. ಆಮೇಲೆ ತಿಳಿಯಿತು, ನಮ್ಮ ಸೆಕ್ಷನ್‌ನ 46 ಜನರಲ್ಲಿ ಹೋದವರು 17 ಮಂದಿ. ಉಳಿದ 29 ಜನರಲ್ಲಿ ಕೆಲವರಿಗೆ ನನ್ನ ಹಾಗೆ "ಜ್ವರ", ಕೆಲವರಿಗೆ "ಮನೆಯಲ್ಲಿ ಶಾದಿ". ಹಣ ಇಲ್ಲ ಎಂದು ಬಾಯಿಬಿಟ್ಟು ಹೇಳಿದವರು ಒಬ್ಬರೂ ಇಲ್ಲ. ಹೋದವರ ಫೋಟೋಗಳನ್ನು ನೋಟಿಸ್ ಬೋರ್ಡಿಗೆ ಹಾಕಿದ್ದರು. ಅವು ಒಂದು ತಿಂಗಳು ಅಲ್ಲೇ ಇದ್ದವು.

ಹಾಗಾಗಿ ಈ ಸಲದ ಸುತ್ತೋಲೆ ಬರುವ ಮೊದಲೇ ಬರೆಯುತ್ತಿದ್ದೇನೆ. ಎಲ್ಲಿಗೆ ಎಂದು ಮೊದಲು ತೀರ್ಮಾನಿಸಿ, ಯಾರು ಬರುತ್ತೀರಿ ಎಂದು ಆಮೇಲೆ ಕೇಳುವುದು ತಪ್ಪು. ಯಾರೆಲ್ಲ ಬರಬಹುದು ಎಂಬ ಲೆಕ್ಕ ಮೊದಲಾಗಲಿ. ನನ್ನ ಸಲಹೆ ಶ್ರೀರಂಗಪಟ್ಟಣ: ಒಂದೇ ದಿನ, ಬೆಳಿಗ್ಗೆ ಹೋಗಿ ರಾತ್ರಿ ವಾಪಸ್.

"ಅದನ್ನು ಹೈಸ್ಕೂಲಿನಲ್ಲೇ ನೋಡಿದ್ದೇವೆ" ಎಂದು ಗೆಳತಿಯರೇ ಮುಖ ಸಿಂಡರಿಸಿದರು. ನಾನೂ ನೋಡಿದ್ದೇನೆ. ಬಸ್ಸಿನಿಂದ ಇಳಿದು, ಸಾಲಿನಲ್ಲಿ ನಿಂತು, ಹತ್ತು ನಿಮಿಷದಲ್ಲಿ ಮತ್ತೆ ಬಸ್ ಹತ್ತಿದ್ದು ನೆನಪಿದೆ. ಸಂಜೆ ಬೃಂದಾವನದ ಕಾರಂಜಿಗೆ ತಡವಾಗುತ್ತದೆ ಎಂಬ ಅವಸರ. ಅದು ನೋಡಿದ್ದು ಎಂದು ನನಗೆ ಅನಿಸುವುದಿಲ್ಲ.

ನನ್ನ ಮನಸ್ಸು ಅತ್ತ ತಿರುಗಿದ್ದು ನಮ್ಮ ಪ್ಯಾರಿಸ್ ಪಟ್ಟಿಯಿಂದಲೇ. ಅದನ್ನು ಇತಿಹಾಸದ ಸರ್ ನೋಡಿ, "ನಿಮಗಿಂತ ಮೊದಲೇ ಹೋಗಿಬಂದವರಿದ್ದಾರೆ" ಎಂದರು. ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ಫ್ರಾನ್ಸ್ ದೊರೆಯ ಬಳಿಗೆ ಮೂವರು ರಾಯಭಾರಿಗಳನ್ನು ಕಳಿಸಿದ್ದರಂತೆ: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. 1787ರ ಜುಲೈನಲ್ಲಿ ಪುದುಚೇರಿಯಲ್ಲಿ ಹಡಗು ಹತ್ತಿದವರು ಫ್ರಾನ್ಸಿನ ತುಲೋನ್ ಬಂದರಿನಲ್ಲಿ ಇಳಿದದ್ದು 1788ರ ಜೂನ್‌ನಲ್ಲಿ. ಹನ್ನೊಂದು ತಿಂಗಳು! ಪ್ಯಾರಿಸ್‌ನಲ್ಲಿ ಅವರನ್ನು ನೋಡಲು ಜನ ಮುಗಿಬಿದ್ದರು. ಆಗಸ್ಟ್ 10ರಂದು ವರ್ಸೈನಲ್ಲಿ 16ನೇ ಲೂಯಿ ದರ್ಬಾರು ನಡೆಸಿ ಬರಮಾಡಿಕೊಂಡ. ದರ್ವೇಶ್ ಖಾನರ ಚಿತ್ರವನ್ನು ರಾಣಿಯ ಚಿತ್ರಗಾರ್ತಿ ವಿಜೆ ಲೆ ಬ್ರೂನ್ ಬರೆದಳು. ಅದು 2019ರ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು.

ಅವರ ಕೈಯಲ್ಲೂ ಒಂದು ಪಟ್ಟಿ ಇತ್ತು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು, ಅದರ ಜೊತೆಗೆ ಕುಶಲಕರ್ಮಿಗಳು, ಗಿಡ ಮತ್ತು ಬೀಜ. ಸೈನ್ಯ ಸಿಗಲಿಲ್ಲ. ಇದು ಕಾಮರ್ಸ್‌ನವರಿಗೆ ರುಚಿಸುವ ವಿಷಯ: ದರ್ಬಾರು ನಡೆದು ಆರು ದಿನಕ್ಕೆ, ಆಗಸ್ಟ್ 16ರಂದು, ಫ್ರಾನ್ಸಿನ ಬೊಕ್ಕಸ ಪಾವತಿ ನಿಲ್ಲಿಸಿತು. ಅತಿಥಿಗಳಿಗೆ ಅಷ್ಟು ವೈಭವ ತೋರಿಸಿದ ಮನೆ ಒಳಗೆ ದಿವಾಳಿಯಾಗಿತ್ತು. ಮುಂದಿನ ವರ್ಷವೇ ಕ್ರಾಂತಿ.

ಇದನ್ನೆಲ್ಲ ಕೇಳಿದ ಮೇಲೆ ದರಿಯಾ ದೌಲತ್‌ನ ಗೋಡೆಯನ್ನು ಮತ್ತೊಮ್ಮೆ, ನಿಧಾನವಾಗಿ ನೋಡಬೇಕು ಅನಿಸಿತು. 1784ರಲ್ಲಿ ಕಟ್ಟಿದ ಆ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಹೈದರ್, ಟಿಪ್ಪು, ಸೋತ ಇಂಗ್ಲಿಷರು ಮಾತ್ರವಲ್ಲ, ನಮ್ಮವರ ಕಡೆ ನಿಂತ ಫ್ರೆಂಚ್ ಪಡೆಯೂ ಅದರಲ್ಲಿದೆ. ಹೈಸ್ಕೂಲಿನಲ್ಲಿ ಅದರ ಮುಂದೆ ನಿಂತು ನಾನು ಚಿಪ್ಸ್ ಪ್ಯಾಕೆಟ್ ಒಡೆಯುತ್ತಿದ್ದೆ.

ಈಗ ಲೆಕ್ಕ. ಇಲ್ಲಿಂದ ಹೋಗಲು ಸುಮಾರು 160 ಕಿಲೋಮೀಟರ್. ಅಬ್ಬಾ ಮೂಲಕ ವಿಚಾರಿಸಿದಾಗ 49 ಸೀಟಿನ ಬಸ್ಸಿಗೆ ದಿನಕ್ಕೆ 24,000 ರೂಪಾಯಿ ಹೇಳಿದರು. 46 ಜನರಿಗೆ ಹಂಚಿದರೆ ತಲೆಗೆ 522. ದರಿಯಾ ದೌಲತ್ ಟಿಕೆಟ್, ಬೆಳಗಿನ ಇಡ್ಲಿ, ಸಂಜೆಯ ಚಹಾ ಸೇರಿ 650 ಇಡೋಣ. ಮಧ್ಯಾಹ್ನದ ಊಟ ಮನೆಯ ಡಬ್ಬಿ. ಬೆಳಿಗ್ಗೆ ಆರಕ್ಕೆ ಹೊರಟರೆ ಹತ್ತರೊಳಗೆ ಕೋಟೆ. ರಂಗನಾಥಸ್ವಾಮಿ ದೇವಸ್ಥಾನ, ಟಿಪ್ಪು ಬಿದ್ದ ಜಾಗ, ಬಂದೀಖಾನೆ, ಎರಡು ಮಿನಾರಿನ ಜಾಮಿಯಾ ಮಸೀದಿ ಎಲ್ಲವೂ ಕೋಟೆಯೊಳಗೇ ಇರುವುದರಿಂದ ನಡೆದೇ ನೋಡಬಹುದು. ಜೊಹರ್ ನಮಾಜ್ ಅಲ್ಲೇ ಆಗುತ್ತದೆ. ಆಮೇಲೆ ದರಿಯಾ ದೌಲತ್, ಕೊನೆಗೆ ಗುಂಬಜ್. ಬೃಂದಾವನ ಬೇಡವೇ ಬೇಡ. ನಾಲ್ಕೂವರೆಗೆ ಬಸ್ ಹೊರಟರೆ ಒಂಬತ್ತರ ಹೊತ್ತಿಗೆ ಮನೆ.

ಎರಡು ರಾತ್ರಿಯ ಪ್ರವಾಸದಲ್ಲಿ ಸಿಗುವ ಖುಷಿ ಇದರಲ್ಲಿ ಸಿಗುವುದಿಲ್ಲ, ಒಪ್ಪುತ್ತೇನೆ. ಕಳೆದ ವರ್ಷ ಹೋದ ಒಬ್ಬಳು ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದೆ ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ದೊಡ್ಡ ಪ್ರವಾಸವೂ ಇರಲಿ, ಆದರೆ "ಕಾಲೇಜು ಪ್ರವಾಸ" ಎಂದು ಕರೆಯುವುದು ಕಾಲೇಜಿನ ಎಲ್ಲರೂ ಹತ್ತಬಹುದಾದ ಬಸ್ಸಿಗೆ ಮಾತ್ರ ಆಗಲಿ. 650 ಕೂಡ ಕಷ್ಟ ಎನ್ನುವವರು ಕ್ಲಾಸಿನ ಮುಂದೆ ಹೇಳಬೇಕಾಗಿಲ್ಲ. ಒಂದು ಚೀಟಿ ಬರೆದು ಮೇಡಂಗೆ ಕೊಟ್ಟರೆ ಸಾಕು ಎಂಬ ವ್ಯವಸ್ಥೆ ಬೇಕು.

ಖರ್ಚಿನ ಹಾಳೆಯನ್ನು ಅಕೌಂಟೆನ್ಸಿ ಮೇಡಂ ಕೈಗೆ ಕೊಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ. ಇದುವರೆಗೆ 38 ಜನ ಬರುತ್ತೇವೆ ಎಂದಿದ್ದಾರೆ. ಇಬ್ಬರ ಮನೆಯವರು ಮೇಡಂ ಜೊತೆ ಫೋನಿನಲ್ಲಿ ಮಾತಾಡಬೇಕಂತೆ. ಉಳಿದ ಆರು ಜನರನ್ನು ಈ ವಾರ ಕೇಳುತ್ತೇನೆ.