ಉಸಲಿ ಕೊಡದ ಮನೆ

ಆಶ್ವಯುಜ ಶುದ್ಧ ಪಾಡ್ಯವು ಸಮೀಪಿಸಿತೆಂದರೆ ಮೈಲಾಪೂರಿನ ಕಪಾಲೀಶ್ವರ ದೇವಾಲಯದ ಉತ್ತರ ಮಾಡಬೀದಿಯು ಬೊಂಬೆಗಳ ಸಂತೆಯಾಗುತ್ತದೆ. ಮಣ್ಣಿನ ದಶಾವತಾರಗಳು, ತಲೆಯಾಡಿಸುವ ತಂಜಾವೂರು ಬೊಂಬೆಗಳು, ದಿನಸಿಯ ಅಂಗಡಿಯನ್ನು ಮುಂದಿಟ್ಟುಕೊಂಡು ಕುಳಿತ ಶೆಟ್ಟಿ ದಂಪತಿಗಳು ಇಲ್ಲಿಂದ ಹೊರಟು ಮನೆಮನೆಗಳ ಮೆಟ್ಟಿಲನ್ನೇರುವರು. ತಮಿಳರು ಇದನ್ನು ಕೊಲು ಎನ್ನುವರು. ಮೈಸೂರು ಸೀಮೆಯಿಂದ ಬಂದ ನಮ್ಮವರು ಗೊಂಬೆ ಕೂರಿಸುವುದೆನ್ನುವರು. ಮಕ್ಕಳ ಪಾಲಿಗೆ ಎರಡರ ಅರ್ಥವೂ ಒಂದೇ. ಸಂಜೆ ದೀಪ ಹಚ್ಚಿದ ಮೇಲೆ ಮನೆಯಿಂದ ಮನೆಗೆ ಹೋಗಿ, ಹಿರಿಯರು ಕೇಳಿದರೆ ಒಂದು ಹಾಡು ಹೇಳಿ, ಒಂದು ಹಿಡಿ ಉಸಲಿ ಪಡೆದು ಬರುವುದು.

ಮಕ್ಕಳು ಹೀಗೆ ಸುತ್ತುವುದು ಹೊಸ ಪದ್ಧತಿಯಲ್ಲ. ಹಿಂದೆ ನಮ್ಮ ನಾಡಿನ ಕೂಲಿಮಠಗಳ ಐಗಳು ಮಹಾನವಮಿಯ ದಿನಗಳಲ್ಲಿ ಶಿಷ್ಯರಿಂದ ಚೌಪದಗಳನ್ನು ಹಾಡಿಸುತ್ತ ಮನೆಮನೆಗೂ ಹೋಗಿ ಕಾಣಿಕೆ ಪಡೆಯುತ್ತಿದ್ದರು. ಅಮೆರಿಕದಲ್ಲಿ ಅಕ್ಟೋಬರ್ 31ರ ಸಂಜೆ, ಹಲೋವೀನ್ ಎಂಬ ಹಬ್ಬದಂದು, ಮಕ್ಕಳು ಭೂತಪ್ರೇತಗಳ ವೇಷ ಹಾಕಿ ಮಿಠಾಯಿ ಕೇಳಲು ಹೊರಡುವರು. ಕೊಡಲು ಮನಸ್ಸಿಲ್ಲದ ಮನೆಯವರು ಹೊರಬಾಗಿಲಿನ ದೀಪವನ್ನು ಆರಿಸಿಬಿಡುವುದು ಅಲ್ಲಿಯ ರೂಢಿ. ಮಕ್ಕಳು ಆ ಮನೆಯನ್ನು ದಾಟಿ ಮುಂದೆ ನಡೆಯುವರು. ನಮ್ಮಲ್ಲಿ ಇಂತಹ ಗುರುತೊಂದಿಲ್ಲ. ಆದಕಾರಣ ಉಸಲಿ ಕೊಡದ ಮನೆಗೆ 'ಜಿಪುಣರ ಮನೆ' ಎಂಬ ಹೆಸರು ಸುಲಭವಾಗಿ ಅಂಟಿಕೊಳ್ಳುತ್ತದೆ.

ಈ ನಿಂದೆಯನ್ನು ನಾವು ಒಪ್ಪಲಾರೆವು. ಆ ವರ್ಷ ಮನೆಯಲ್ಲಿ ಸಾವು ಸಂಭವಿಸಿರಬಹುದು, ವೃದ್ಧ ದಂಪತಿಗಳಿಬ್ಬರೇ ಇರಬಹುದು, ಹಬ್ಬವೇ ಅವರದಲ್ಲದಿರಬಹುದು. ಕಾರಣವನ್ನು ಮಕ್ಕಳ ಮುಂದೆ ಒಪ್ಪಿಸಬೇಕಾದ ಹಂಗು ಅವರಿಗಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಎಷ್ಟೋ ಮನೆಗಳ ಬಾಗಿಲು ಮುಚ್ಚಿತ್ತು; ಆಗ ಯಾರೂ ಯಾರನ್ನೂ ಜಿಪುಣರೆನ್ನಲಿಲ್ಲ.

ಖರ್ಚಿನ ಮಾತು ಮಾತ್ರ ಬೇರೆ. ಕಡಲೆಯನ್ನೋ ಹೆಸರುಕಾಳನ್ನೋ ಬೇಯಿಸಿ, ಸಾಸಿವೆಯ ಒಗ್ಗರಣೆ ಕೊಟ್ಟು, ತೆಂಗಿನ ತುರಿ ಉದುರಿಸಿದರೆ ಉಸಲಿಯಾಯಿತು. ಅದು ಯಾರಿಗೂ ಭಾರವಲ್ಲ. ಆದರೆ ಈಚೆಗೆ ಉಸಲಿಯ ಜೊತೆಗೆ ಪ್ಲಾಸ್ಟಿಕ್ ಡಬ್ಬಿ, ಪೆನ್ನು, ಚಾಕೊಲೇಟು ಸೇರಿ, ಪಕ್ಕದ ಮನೆಯವರು ಏನು ಕೊಟ್ಟರೆಂಬ ಲೆಕ್ಕಾಚಾರ ಹತ್ತಿದೆ. ಈ ಪೈಪೋಟಿಗೆ ಬೇಸತ್ತು ಬಾಗಿಲು ಹಾಕಿಕೊಂಡವರ ಮೇಲೆ ನಮಗೆ ಮರುಕವೇ ಹೊರತು ಕೋಪವಿಲ್ಲ. (ಡಬ್ಬಿಗಳನ್ನು ಎಣಿಸಿ ಮನೆಗಳಿಗೆ ಅಂಕ ಕೊಡುವ ವಿದ್ಯಾರ್ಥಿಗಳು ನಮ್ಮಲ್ಲಿಯೂ ಉಂಟು!)

ನಮ್ಮ ಆಕ್ಷೇಪಣೆ ಇರುವುದು ಅರ್ಧ ತೆರೆದ ಬಾಗಿಲಿನ ಬಗ್ಗೆ. ಬಂಧುಗಳ ಮಕ್ಕಳಿಗೆ ಬೊಗಸೆ ತುಂಬ ಕೊಟ್ಟು, ಕಾವಲುಗಾರನ ಮಗಳಿಗೂ ಹೂ ಮಾರುವಾಕೆಯ ಹುಡುಗನಿಗೂ 'ಮುಗಿದುಹೋಯಿತು' ಎಂದು ಹೇಳುವ ಮನೆಗಳಿವೆ. ಒಳಗೆ ಪಾತ್ರೆ ತುಂಬಿರುವುದು ಹೊರಗೆ ನಿಂತ ಮಗುವಿಗೆ ತಿಳಿಯದೆ ಇರುವುದಿಲ್ಲ. ಯಾರಿಗೂ ಕೊಡದಿರುವುದು ಮನೆಯವರ ಸ್ವಾತಂತ್ರ್ಯ. ಮುಖ ನೋಡಿ ಕೊಡುವುದು ಬೊಂಬೆಗಳೆದುರಿಗೆ ಮಾಡುವ ಅವಮಾನ.

ಗೊಂಬೆ ಕೂರಿಸದವರು ಬಾಗಿಲಿಗೆ 'ಈ ವರ್ಷ ಬೊಂಬೆಯಿಲ್ಲ' ಎಂದು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಒಂದು ಚೀಟಿ ಅಂಟಿಸಿದರೆ ಸಾಕು. ಮಕ್ಕಳು ಕರೆಗಂಟೆಯನ್ನು ಮುಟ್ಟದೆ ಮುಂದಿನ ಮನೆಗೆ ಹೋಗಲಿ. ಹೋಗುವಾಗ ಮಹಡಿಮನೆಗಳ ಗೇಟಿನ ಬಳಿ ನಿಂತಿರುವ ಆ ಹುಡುಗಿಯನ್ನೂ ಕೈಹಿಡಿದು ಜೊತೆಗೆ ಕರೆದುಕೊಳ್ಳಲಿ. ಅವಳಿಗೂ ಒಂದು ಹಾಡು ಬರುತ್ತಿರಬೇಕು.